ಗೇಟಿನಿಂದ ಎರಡನೆಯದು

ಹೆತ್ತವರು ಇಟ್ಟ ಹೆಸರು ಬೇರೆ, ಆದರೆ ಊರವರ ಬಾಯಲ್ಲಿ ಅವಳು ಉಳಿಯಕ್ಕ. ಐವತ್ತು ವರ್ಷದ ಹೆಂಗಸು, ಕಿವಿಯ ಸಂದಿಯಲ್ಲಿ ಸದಾ ಒಂದು ಪೆನ್ಸಿಲ್ಲು, ರೆಪ್ಪೆಯ ಮೇಲೆ ಕಲ್ಲಿನ ಧೂಳು. ಮಾಜಿ ಸೈನಿಕರ ಸ್ಮಶಾನದಲ್ಲಿ ನಾನೂರು ಚಿಲ್ಲರೆ ಸಮಾಧಿಗಲ್ಲುಗಳಿವೆ. ಅವುಗಳ ಪಾಚಿ ಉಜ್ಜುವುದು, ಸವೆದ ಅಕ್ಷರಗಳನ್ನು ಆಳ ಮಾಡುವುದು, ವಾಲಿದ್ದನ್ನು ನೆಟ್ಟಗೆ ನಿಲ್ಲಿಸುವುದು, ತಪ್ಪು ತಾರೀಖು ತಿದ್ದುವುದು, ಎಲ್ಲ ಅವಳದೇ. "ಬದುಕಿರೋರ ಕೆಲಸಕ್ಕಿಂತ ಇದೇ ವಾಸಿ. ಇವರು ಅವಸರ ಮಾಡಲ್ಲ, ಹಿಂದೆ ನಿಂತು ಸಲಹೆನೂ ಕೊಡಲ್ಲ" ಎನ್ನುತ್ತಾಳೆ.

ಉಳಿ ಹಿಡಿಯುವುದನ್ನು ಕಲಿಸಿದ್ದು ಅಪ್ಪ. ಅಣ್ಣಂದಿರಿಬ್ಬರೂ ಕಲ್ಲು ಕಂಡರೆ ಮಾರು ದೂರ ಓಡಿದರು; ಹನ್ನೆರಡು ವರ್ಷದ ಇವಳು ತಾನಾಗಿಯೇ ಬಂದು ಕೂತಳು. ಮೊದಲ ಆರು ತಿಂಗಳು ಅಪ್ಪ ಬರೀ ಸೊನ್ನೆ ಕೆತ್ತಿಸಿದ. ಸೊನ್ನೆ ದುಂಡಗೆ ಬಂದರೆ ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ ಎಂಬುದು ಅವನ ಶಾಸ್ತ್ರ. ಬೇಸತ್ತ ಮಗಳು ಒಂದು ಸೊನ್ನೆಗೆ ಕಣ್ಣು, ಮೂಗು, ಪೊದೆಮೀಸೆ ಕೆತ್ತಿ ಅಪ್ಪನ ಮುಖ ಮಾಡಿಟ್ಟಳು. ಅಪ್ಪ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಮಾರನೆಯ ದಿನದಿಂದ ಒಂದರ ಅಂಕಿಗೆ ಬಡ್ತಿ ಕೊಟ್ಟ.

ಅಂಗಡಿಯ ಮುಂದೆ ಅಪ್ಪನೇ ಕೆತ್ತಿ ನಿಲ್ಲಿಸಿದ ಕಲ್ಲಿನ ಬೋರ್ಡು ಇದೆ: "ಇಲ್ಲಿ ತಪ್ಪಿಲ್ಲದೆ ಕೆತ್ತಿ ಕೊಡಲಾಗುವುದು." ಅದು ಬಾಯಿಮಾತಲ್ಲ. ಒಮ್ಮೆ ಒಂದು ತಾರೀಖು ತಪ್ಪಿತೆಂದು, ಬೇರೆ ಯಾರೂ ನೋಡುವ ಮೊದಲೇ, ವಾರದ ಕೆಲಸವನ್ನು ಸುತ್ತಿಗೆಯಿಂದ ಒಡೆದುಹಾಕಿದ ಮನುಷ್ಯ ಅವನು. ಈಗ ಎಂಬತ್ತನಾಲ್ಕು. ಕಣ್ಣು ಮಂಜು, ಮಂಡಿಗಳು ಮುಷ್ಕರ ಹೂಡಿವೆ. ಆದರೂ ದಿನಾ ಬೆಳಿಗ್ಗೆ ಬೋರ್ಡಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಳ್ಳುತ್ತಾನೆ. ಅರವತ್ತು ವರ್ಷದಲ್ಲಿ ತನ್ನ ಒಂದು ತಪ್ಪೂ ಈ ಹೊಸ್ತಿಲು ದಾಟಿಲ್ಲ ಎನ್ನುವುದೇ ಅವನ ಊಟ, ನಿದ್ದೆ, ಔಷಧಿ.

ಇಂಥ ಅಪ್ಪನ ತಪ್ಪು ಮಗಳ ಕೈಗೇ ಸಿಗಬೇಕೇ?

ಒಂದು ದಿನ ಏಳನೇ ಸಾಲಿನಲ್ಲಿ, ಸೈನ್ಯದಲ್ಲಿ ತುತ್ತೂರಿ ಊದುತ್ತಿದ್ದವನೊಬ್ಬನ ಕಲ್ಲಿನ ತಾರೀಖು ಅಳಿಸಿಹೋಗಿತ್ತು. ದಾಖಲೆ ನೋಡಲು ಅವಳು ಸ್ಮಶಾನದ ಕಚೇರಿಗೆ ಹೋದಳು. ಗುಮಾಸ್ತ ಹಳೆಯ ನಕ್ಷೆಯನ್ನೂ ಮೇಜಿನ ಮೇಲೆ ಹರಡಿದ, ತಲೆಕೆಳಗಾಗಿ.

"ಇದು ಉಲ್ಟಾ ಇದೆಯಲ್ಲಪ್ಪ."

"ಹೀಗೆ ಹಿಡಿದ್ರೇನೇ ಅಕ್ಕ, ಗೇಟು ಸರಿಯಾಗಿ ಕೂರೋದು. ನಾವು ಯಾವಾಗ್ಲೂ ಹೀಗೇ ನೋಡೋದು."

ಗೇಟು ಸರಿಯಾಗಿಯೇ ಕೂತಿತ್ತು, ಆದರೆ ಬಾವಿ ಎದುರುಗಡೆಗೆ ಹೋಗಿತ್ತು. ಗೇಟನ್ನಾದರೆ ಕಿತ್ತು ಬೇರೆ ಕಡೆ ಇಡಬಹುದು, ಬಾವಿ ಎದ್ದು ನಡೆದೀತೇ? ನಕ್ಷೆಯ ಪ್ರಕಾರ ಬಾವಿಯ ಪಕ್ಕ ಮಲಗಿದವನು ಆ ಸಾಲಿನಲ್ಲಿ ಗೇಟಿನಿಂದ ಹತ್ತನೆಯವನು, ತುತ್ತೂರಿಯವನು. ಆದರೆ ಈಗ ಬಾವಿಯ ಪಕ್ಕ ಇರುವುದು ಸೈನ್ಯದ ಲಾರಿ ಡ್ರೈವರ್‌ನ ಕಲ್ಲು.

ಓಡಿಹೋಗಿ ಆ ಕಲ್ಲಿನ ಬುಡ ಅಗೆದಳು. ಮಣ್ಣಿನೊಳಗೆ ಇರುವ ಪಾದದ ಮೇಲೆ ಕಲ್ಲಿನ ಸರದಿ ಸಂಖ್ಯೆ ಕೆತ್ತುವುದು ಅಪ್ಪನ ಪದ್ಧತಿ. ಹತ್ತು ಇರಬೇಕಾದ ಜಾಗದಲ್ಲಿ ಅಪ್ಪನ ಕೈಯ ದುಂಡನೆಯ ಎರಡು ಇತ್ತು. ಇಪ್ಪತ್ತೆರಡು ವರ್ಷದ ಹಿಂದೆ ಆ ಸಾಲಿನ ನೆಲ ಕುಸಿದಿತ್ತು. ಹನ್ನೊಂದು ಕಲ್ಲುಗಳನ್ನೂ ಎತ್ತಿ, ಮಣ್ಣು ತುಂಬಿ, ಎರಡು ತಿಂಗಳಾದ ಮೇಲೆ ಮತ್ತೆ ನಿಲ್ಲಿಸಿದವನು ಅಪ್ಪ. ಗೇಟಿನಿಂದ ಎಣಿಸು ಎನ್ನುವುದು ಇಲ್ಲಿ ಎಲ್ಲರ ನಿಯಮ. ಅಪ್ಪನೂ ಗೇಟಿನಿಂದಲೇ ಎಣಿಸಿದ. ಆದರೆ ಆ ಎರಡು ತಿಂಗಳಲ್ಲಿ ಬೇರೆಯವರು ಗೇಟನ್ನು ಪೂರ್ವದಿಂದ ಪಶ್ಚಿಮಕ್ಕೆ ಸಾಗಿಸಿದ್ದರು. ಸಾಲು ಪೂರ್ತಿ ಹಿಂದುಮುಂದಾಗಿತ್ತು. ನಡುವಿನ ಆರನೆಯವನೊಬ್ಬ ಮಾತ್ರ, ಯಾವ ಕಡೆಯಿಂದ ಎಣಿಸಿದರೂ ಆರನೆಯವನೇ ಆದ್ದರಿಂದ, ತನ್ನ ಕಲ್ಲಿನ ಕೆಳಗೇ ಇದ್ದ.

"ಬಿಡಿ ಅಕ್ಕ, ಸತ್ತೋರು ಎದ್ದು ಬಂದು ದೂರು ಕೊಡ್ತಾರಾ?" ಎಂದ ಹಿಂದೆಯೇ ಬಂದಿದ್ದ ಗುಮಾಸ್ತ.

ಸತ್ತವರು ಕೊಡುವುದಿಲ್ಲ, ನಿಜ. ಆದರೆ ಡ್ರೈವರಮ್ಮ ಇದ್ದಳಲ್ಲ. ಲಾರಿ ಡ್ರೈವರ್‌ನ ಹೆಂಡತಿ, ಎಪ್ಪತ್ತೈದರ ಮುದುಕಿ, ಪ್ರತಿ ಗುರುವಾರ ಬಂದು ಬಾವಿಯ ನೀರಿನಿಂದ ಗಂಡನ ಕಲ್ಲು ತೊಳೆದು, ವಾರದ ಸುದ್ದಿಯನ್ನೆಲ್ಲ ಅವನಿಗೆ ಒಪ್ಪಿಸಿ ಹೋಗುವವಳು. ಅವಳಿಗೆ ಹೇಳದಿದ್ದರೆ ಮೋಸ. ಹೇಳಿದರೆ ಅಪ್ಪನ ಅರವತ್ತು ವರ್ಷ ಮಣ್ಣುಪಾಲು.

ಮೂರು ದಿನ ಉಳಿಯಕ್ಕ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಳು, ಉಗುಳಲೂ ಆಗದು, ನುಂಗಲೂ ಆಗದು. ಅಪ್ಪನ ಕಣ್ಣು ಮಂಜಾಗಿತ್ತೇ ಹೊರತು ಕಿವಿಯಲ್ಲ.

"ಏನೇ ಅದು? ಉಳಿ ಏಟು ತಡವರಿಸ್ತಾ ಇದೆ. ಗಂಡನ ಜೊತೆ ಜಗಳವಾ?"

"ಇಲ್ಲಪ್ಪ."

"ಮತ್ತೆ ನನ್ನ ಜೊತೆ ಜಗಳ. ಅದೇನು ಬೊಗಳು."

ಹೇಳಿದಳು. ಹೇಳುವಾಗ ಬೋರ್ಡಿನ ಕಡೆ ನೋಡದಂತೆ ಎಚ್ಚರ ವಹಿಸಿದಳು. ಅಪ್ಪ ಮೊದಲು ಗುಮಾಸ್ತನನ್ನು ಬೈದ, ಆಮೇಲೆ ನಕ್ಷೆ ಬರೆದವನನ್ನು ಬೈದ, ಕೊನೆಗೆ ಯಾರೂ ಸಿಗದೆ, "ಯಾರೋ ಬಾವಿನೇ ಮುಚ್ಚಿ ಆ ಕಡೆ ಹೊಸದು ತೋಡಿರ್ಬೇಕು!" ಎಂದು ಗುಡುಗಿದ. ಆ ಹೊತ್ತು ಊಟ ಬೇಡವೆಂದ. ಅಪ್ಪ ಊಟ ಬಿಟ್ಟದ್ದನ್ನು ಅವಳು ಅಮ್ಮ ಹೋದ ದಿನ ಮಾತ್ರ ಕಂಡಿದ್ದಳು. ಅಡುಗೆಮನೆಯಲ್ಲಿ ನಿಂತು ಅತ್ತಳು.

ಮಾರನೆಯ ದಿನ, ಗುರುವಾರ, ಅಪ್ಪ ಒಗೆದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ. "ನಡಿ" ಎಂದ.

ಬಾವಿಯ ಪಕ್ಕ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಅವನ ಬೆರಳನ್ನು ಕಲ್ಲಿನ ಪಾದಕ್ಕೆ ಮುಟ್ಟಿಸಿದಳು. ಅವನು ಅಂಕಿಯನ್ನು ಎರಡು ಸಲ ಸವರಿದ. "ನನ್ನದೇ ಎರಡು" ಎಂದ. ಬೆರಳಿನ ಮಣ್ಣನ್ನು ನಿಧಾನವಾಗಿ ಒರೆಸಿಕೊಂಡ. ಅವನಿಗೇನಾದರೂ ಆದೀತೆಂದು ಮಗಳ ಜೀವ ಹಿಡಿಯಷ್ಟಾಗಿತ್ತು.

"ಹನ್ನೊಂದು ಜನ ಸೈನಿಕರು" ಎಂದ ಅಪ್ಪ ಕೊನೆಗೆ. "ಇಪ್ಪತ್ತೆರಡು ವರ್ಷ ಹಿಂದುಮುಂದು ನಿಲ್ಸಿದೀನಿ. ಒಬ್ಬನಾದ್ರೂ ಬಾಯಿ ಬಿಡಬಾರದಾ? ಶಿಸ್ತು ಅಂದ್ರೆ ಇದಪ್ಪ!" ಮೀಸೆಯ ಕೆಳಗೆ ನಗು ಕಂಡಾಗಲೇ ಅವಳು ಉಸಿರು ಬಿಟ್ಟದ್ದು.

ಅಷ್ಟರಲ್ಲಿ ಡ್ರೈವರಮ್ಮ ಬಂದಳು. ಉಳಿಯಕ್ಕ ಬಾಯಿ ತೆರೆಯುವ ಮೊದಲೇ ಅಪ್ಪ ಕೈ ಅಡ್ಡ ಹಿಡಿದ. "ಕೆಡಿಸಿದೋನು ನಾನು, ಹೇಳೋನೂ ನಾನೇ." ಒಂದನ್ನೂ ಮುಚ್ಚಿಡದೆ ಹೇಳಿ ಕೈ ಮುಗಿದ. "ತಪ್ಪಾಯ್ತು ತಾಯಿ."

ಮುದುಕಿ ಅಪ್ಪನನ್ನು ನೋಡಿದಳು, ಕಲ್ಲನ್ನು ನೋಡಿದಳು. ಕಣ್ಣು ತುಂಬಿಕೊಂಡಿತು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು, ಅಳುತ್ತಿದ್ದಾಳೆಂದುಕೊಂಡರೆ ನಗುತ್ತಿದ್ದಾಳೆ.

"ಅಯ್ಯೋ ಮೇಸ್ತ್ರಿಗಳೇ! ಗೇಟಿನಿಂದ ಎರಡನೇದು ಅಂತ ನಾನೂ ಕಣ್ಣು ಮುಚ್ಕೊಂಡು ಬರ್ತಿದ್ದೆ. ಬಾವಿ ಹತ್ತಿರ ಬಂದಂಗಿದೆಯಲ್ಲ ಅಂತ ಆಗ ಅನ್ನಿಸ್ತು, ನೀರು ಹೊರೋದು ತಪ್ಪಿತು ಅಂತ ಸುಮ್ಮನಾದೆ. ಹಂಗಾದ್ರೆ ಇಷ್ಟು ವರ್ಷ ಗಂಡನ ಮೇಲಿನ ದೂರನ್ನೆಲ್ಲ ಬೇರೆಯೋರಿಗೆ ಹೇಳಿದೀನಾ? ಅದಕ್ಕೇ ಒಂದು ಸಲನೂ ಸಿಡುಕಲಿಲ್ಲ ಪುಣ್ಯಾತ್ಮ!"

"ನಿಮ್ಮ ಯಜಮಾನ್ರು ಎಂಟು ಕಲ್ಲು ಆಚೆ ಇದಾರಮ್ಮ" ಎಂದಳು ಉಳಿಯಕ್ಕ.

"ಅಲ್ಲೀವರೆಗೂ ಕೇಳ್ಸಿರುತ್ತೆ ಬಿಡು. ನನ್ನ ಗಂಟಲು ಅವರಿಗೆ ಗೊತ್ತು."

ಹತ್ತು ಕಲ್ಲುಗಳು ನಾಲ್ಕು ದಿನದಲ್ಲಿ ತಮ್ಮ ತಮ್ಮ ಜಾಗಕ್ಕೆ ಮರಳಿದವು. ಮಿಕ್ಕವರ ಮನೆಗಳಿಗೆ ಅಪ್ಪ ಮಗಳ ಕೈಯಲ್ಲಿ ಕಾಗದ ಬರೆಸಿದ, ಕೆಳಗೆ ತಾನೇ ಸಹಿ ಹಾಕಿದ. ಡ್ರೈವರಮ್ಮ ಈಗ ಮೊದಲು ಗಂಡನ ಹತ್ತಿರ ಹೋಗಿ ಸುದ್ದಿ ಹೇಳುತ್ತಾಳೆ. ಆಮೇಲೆ ಅರ್ಧ ಹೂ ಉಳಿಸಿಕೊಂಡು ಬಾವಿಯ ಪಕ್ಕಕ್ಕೆ ಬರುತ್ತಾಳೆ. ತುತ್ತೂರಿಯವನಿಗೆ ಹಿಂದೆ ಮುಂದೆ ಯಾರೂ ಇಲ್ಲ. ಗಂಡನ ಮೇಲಿನ ದೂರುಗಳು ಮಾತ್ರ ಇವತ್ತಿಗೂ ಅವನಿಗೇ ಸಲ್ಲುತ್ತವೆ.

ಐದನೆಯ ದಿನ ಅಪ್ಪ ಅಂಗಡಿಯ ಮುಂದಿನ ಬೋರ್ಡನ್ನು ಕೆಳಗಿಳಿಸು ಎಂದ. "ಅದ್ಯಾಕಪ್ಪ, ಇರಲಿ" ಎಂದು ಉಳಿಯಕ್ಕ ಅಂಗಲಾಚಿದಳು.

"ಮಲಗಿಸೇ ಅಂದ್ರೆ. ನಿಂತ ಕಲ್ಲಿನ ಮೇಲೆ ಈ ಕೈಯಲ್ಲಿ ಕೆತ್ತೋಕಾಗುತ್ತಾ? ಉಳಿ ಕೊಡು."

ಎರಡು ದಿನ ಹಿಡಿಯಿತು. ಬೋರ್ಡು ಮತ್ತೆ ತನ್ನ ಜಾಗದಲ್ಲಿ ನಿಂತಿದೆ, ಅಪ್ಪ ಅದರ ಪಕ್ಕದಲ್ಲಿ ಕೂತಿದ್ದಾನೆ. ಹಳೆಯ ಸಾಲಿನ ಕೆಳಗೆ, ಮುದಿ ಕೈಯ ನಡುಕದಲ್ಲಿ ವಾರೆಯಾಗಿ, ಇನ್ನೊಂದು ಸಾಲು ಬಂದಿದೆ: "ತಪ್ಪಾದರೆ ನಾವೇ ಬಂದು ತಿದ್ದುತ್ತೇವೆ." ಆ ಸಾಲು ನೆಟ್ಟಗಿಲ್ಲವೆಂದು ಹೋಗಿ ಬರುವವರೆಲ್ಲ ಹೇಳುತ್ತಾರೆ. ಉಳಿಯಕ್ಕ ಅದೊಂದನ್ನು ಮಾತ್ರ ತಿದ್ದಲು ಹೋಗಿಲ್ಲ.