‘ಅಲರ್ಜಿ: ಇಲ್ಲ’

ಕೋಳಿಕ್ಕೋಡಿನ ನಮ್ಮ ಆಫೀಸಿನಲ್ಲಿ ರಂಜುಷಾ ಚೇಚಿ ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ. ಹದಿನೇಳು ವರ್ಷದಿಂದ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದವರು. ಎಲ್ಲರಿಗೂ ಅವರು ಚೇಚಿ, ಅಂದರೆ ಅಕ್ಕ; ನಾನು ಅವರ ಪಕ್ಕದಲ್ಲೇ ಕೂತು ಕೆಲಸ ಕಲಿತವಳು.

ಒಂದು ಬುಧವಾರ ಪೆರಿಂದಲ್ಮಣ್ಣದ ಆಸ್ಪತ್ರೆಯೊಂದರಿಂದ ಎಲ್ಸಮ್ಮ ಎಂಬ ನರ್ಸು ಫೋನು ಮಾಡಿದರು.

“ಮೇಡಂ, ಇಲ್ಲೊಬ್ಬರು ವಯಸ್ಸಾದ ಉಮ್ಮನಿಗೆ ಪೆನಿಸಿಲಿನ್ ಆಗಲ್ಲ ಅಂತ ಓಪಿಡಿಯಲ್ಲಿ ನಾನೇ ಟೈಪ್ ಮಾಡಿದ್ದು. ವಾರ್ಡಿನ ಕಂಪ್ಯೂಟರಲ್ಲಿ ‘ಅಲರ್ಜಿ: ಇಲ್ಲ’ ಅಂತಿದೆ. ಸೂಜಿಗೆ ಮದ್ದು ತುಂಬಿಸಿ ಆಗಿತ್ತು. ಆ ಉಮ್ಮ ‘ಏನ್ ಮದ್ದು ಇದು, ಮೋಳೇ, ನನ್ನ ಮಗಳೇ’ ಅಂತ ಕೇಳಿದ್ದಕ್ಕೆ ಬಚಾವಾದ್ರು.”

ರೋಗಿಯ ವಿವರವನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಇದ್ದ ಹಾಗೇ ತಂತಿಯೊಳಗೆ ತೂರಿಸಲಾಗದು. ಬಿಡಿಸಿ, ಉದ್ದಕ್ಕೆ ಒಂದೇ ಸಾಲಾಗಿಸಿ ಕಳಿಸಬೇಕು. ಆಚೆ ಕಡೆ ಮತ್ತೆ ಜೋಡಿಸಬೇಕು. ಒಳಗೆ ಹಾಗೆ ಸಾಲಾಗದ ಒಂದೇ ಒಂದು ಸಾಮಾನಿದ್ದರೂ ಕಳಿಸುವ ಕೆಲಸವೇ ಎರರ್ ಕೊಟ್ಟು ನಿಲ್ಲುತ್ತದೆ. ಅಲರ್ಜಿಯ ಪಟ್ಟಿಗೆ ಅಂಥದ್ದೇ ಒಂದು, ಡೇಟಾಬೇಸಿನ ಜೀವಂತ ಸಂಪರ್ಕ, ಅಂಟಿಕೊಂಡಿತ್ತು. ಎರಡು ವರ್ಷದ ಹಿಂದೆ ಯಾರೋ ಆ ಸಂಪರ್ಕವನ್ನು ಬಿಡಿಸುವ ಬದಲು ಇಡೀ ಪಟ್ಟಿಯ ಮುಂದೆ ‘ಇದನ್ನು ಕಳಿಸಬೇಡ’ ಎಂಬ ಒಂದು ಪದ ಹಾಕಿದ್ದರು. ಎರರ್ ನಿಂತಿತು. ಪಟ್ಟಿ ತಲುಪದಿದ್ದಾಗ ವಾರ್ಡಿನ ಪರದೆ ‘ಇಲ್ಲ’ ಎಂದು ತೋರಿಸಿತು.

ಆ ಪದ ಬರೆದವನು ಸಿಬಿ, ವಯಸ್ಸಿನಲ್ಲಿ ಕಿರಿಯ, ಈಗ ನಮಗೆಲ್ಲ ಮ್ಯಾನೇಜರು. ಪರಿಶೀಲಿಸಿ ಒಪ್ಪಿಗೆ ಕೊಟ್ಟವರ ಹೆಸರು ಅದರ ಕೆಳಗೇ ಇತ್ತು: ರಂಜುಷಾ.

ಬಾಳೆಹಣ್ಣಿನ ಬಜ್ಜಿ, ಪಳಂಪೊರಿ, ತಿನ್ನುತ್ತಲೇ ಬಂದ ಸಿಬಿ ಎಣ್ಣೆಬೆರಳನ್ನು ಚೇಚಿಯ ಪರದೆಯ ಮೇಲೆ ಒತ್ತಿ ನಕ್ಕ.

“ಓ, ಇದಾ! ಎರರ್ ಬರ್ತಿತ್ತಲ್ಲ ಚೇಚಿ, ಮಾರನೇ ದಿನ ಡೆಮೋ ಇತ್ತು. ನಿಲ್ಲಿಸ್ದೆ.”

“ನಿಲ್ಲಿಸಿದ್ಯೋ, ಅದರ ಬಾಯಿ ಮುಚ್ಚಿಸಿದ್ಯೋ?”

“ಯಾರೂ ಸತ್ತಿಲ್ವಲ್ಲ. ಮುಂದಿನ ಅಪ್‌ಡೇಟಲ್ಲಿ ಸೇರಿಸಿಬಿಡಿ. ಆಸ್ಪತ್ರೆಯೋರಿಗ್ಯಾಕೆ ಹೇಳೋದು? ಸಹಿ ನಿಮ್ಮದೂ ಇದೆ, ನೋಡ್ಕೊಳ್ಳಿ.”

“ಥೂ! ಎದ್ದು ಹೋಗೋ ಇಲ್ಲಿಂದ!” ಇಡೀ ಆಫೀಸು ತಿರುಗಿ ನೋಡಿತು.

ಅವನು ಹೋದ ಮೇಲೆ ಚೇಚಿ ಪರದೆಯನ್ನು ಒರೆಸಿದರು, ಮತ್ತೆ ಒರೆಸಿದರು. ಮಧ್ಯಾಹ್ನ ಡಬ್ಬಿ ತೆರೆದವರು ಹಾಗೇ ಮುಚ್ಚಿದರು. “ನನ್ನ ಮೇಲೇ ವಾಕರಿಕೆ ಬರ್ತಿದೆ ಕಣೇ. ಓದದೇ ಒಪ್ಪಿಗೆ ಕೊಟ್ಟಿದ್ದೀನಿ.”

ಎರಡು ದಿನದಲ್ಲಿ ಸರಿಪಡಿಸಿದರು. ಸಂಪರ್ಕವನ್ನು ಕಿತ್ತು ಬೇರೆ ಇಟ್ಟು, ಔಷಧಿಗಳ ಬರೀ ಹೆಸರುಗಳನ್ನು ಕಳಿಸಿದರು. ಪಟ್ಟಿ ತಲುಪದಿದ್ದರೆ ಪರದೆ ‘ಇಲ್ಲ’ ಎನ್ನದೆ ‘ಗೊತ್ತಿಲ್ಲ, ರೋಗಿಯನ್ನು ಕೇಳಿ’ ಎಂದು ಕೆಂಪಗೆ ತೋರಿಸುವಂತೆ ಮಾಡಿದರು. ಕಳಿಸಿದ್ದನ್ನೂ ತಲುಪಿದ್ದನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವ ಪರೀಕ್ಷೆಯನ್ನು ನನ್ನ ಕೈಯಲ್ಲಿ ಬರೆಸಿದರು. ಆಮೇಲೆ ನಮ್ಮ ಸಾಫ್ಟ್‌ವೇರ್ ಬಳಸುತ್ತಿದ್ದ ಹನ್ನೊಂದು ಆಸ್ಪತ್ರೆಗಳಿಗೂ ನಡೆದದ್ದೆಲ್ಲವನ್ನೂ ತಮ್ಮ ಹೆಸರಿನಲ್ಲೇ ಬರೆದು ಕಳಿಸಿದರು. ಸಿಬಿ ಒಂದು ವಾರ ಕೂಗಾಡಿದ. ಚೇಚಿಯನ್ನು ಕೆಲಸದಿಂದ ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ಅವನಿಗೂ ಏನೂ ಆಗಲಿಲ್ಲ.

ತಿರೂರಿನ ಆಸ್ಪತ್ರೆ ಹಳೆಯ ಕಡತ ತೆಗೆದು ನೋಡಿತು. ಹಂಸಕ್ಕೋಯ ಎಂಬ ಮೀನು ವ್ಯಾಪಾರಿ ಹಿಂದಿನ ವರ್ಷ ಪೆನಿಸಿಲಿನ್ನಿನ ಒಂದು ಇಂಜೆಕ್ಷನ್ನಿಂದ ನಾಲ್ಕು ದಿನ ಐಸಿಯುವಿನಲ್ಲಿದ್ದರು. ಭಾನುವಾರ ಚೇಚಿ ಅವರ ಮನೆಗೆ ಹೊರಟಾಗ ನಾನೂ ಬಸ್ಸು ಹತ್ತಿದೆ.

ಹಂಸಕ್ಕೋಯ ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. “ಅಂದ್ರೆ, ಆ ಮದ್ದು ನಂಗಾಗಲ್ಲ ಅಂತ ನಾನು ಮೊದಲೇ ಹೇಳಿದ್ದು ನಿಜ?”

“ನಿಜ ಇಕ್ಕಾ. ಕಂಪ್ಯೂಟರಲ್ಲಿ ಬರೆದೂ ಇದೆ. ಕಳೆದುಹಾಕಿದ್ದು ನಾವು.”

“ಬಾಯಿಬಿಟ್ಟು ಹೇಳೋಕೆ ನಿನಗೇನಾಗಿತ್ತು ಅಂತ ಡಾಕ್ಟ್ರು ಬೈದ್ರು. ವರ್ಷದಿಂದ ಇವಳೂ ಅದನ್ನೇ ಹೇಳ್ತಾಳೆ.” ಅವರು ಒಳಗಿದ್ದ ಹೆಂಡತಿಯನ್ನು ಕೂಗಿದರು. “ಪಾತುಮ್ಮಾ, ಬಾ ಇಲ್ಲಿ. ಮೋಳೇ, ಇವಳ ಮುಂದೆ ಇನ್ನೊಂದ್ಸಲ ಹೇಳು.”

ಚೇಚಿ ಎದ್ದು ನಿಂತು, ಮೊದಲಿಂದ ಹೇಳಿದರು.