ತಮ್ಮನ ಕುಡಿತದ ಬಗ್ಗೆ ನಾನು ಹೇಳಿದ ಸುಳ್ಳು

ಗಂಡ ತೀರಿಕೊಂಡ ಮೇಲೆ ನಾನು ಬಸವಕಲ್ಯಾಣ ಬಿಟ್ಟು ಹುಮನಾಬಾದಿನ ತಮ್ಮನ ಮನೆಗೆ ಬಂದೆ. ಅವನ ಹೆಂಡತಿಯೂ ಇರಲಿಲ್ಲ. ಮಗಳೊಬ್ಬಳಿದ್ದಳು, ಅವಳನ್ನು ಬೆಳೆಸಬೇಕಿತ್ತು. ತಮ್ಮ ಅಡತಿ ಅಂಗಡಿಯಲ್ಲಿ ತೊಗರಿ ತೂಗುತ್ತಿದ್ದ. ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ಕೊರಳಿನ ಲಿಂಗದ ಕರಡಿಗೆ ತೆಗೆದು ನನ್ನ ಕೈಗೆ ಕೊಡುತ್ತಿದ್ದ. ಲಿಂಗ ಮೈಮೇಲಿಂದ ಇಳಿಯಬಾರದು ಎಂದು ಅವ್ವ ಹೇಳಿ ಹೇಳಿ ನಮ್ಮನ್ನು ಬೆಳೆಸಿದ್ದಳು. ಆದರೂ ನಾನು ಕೈ ಒಡ್ಡುತ್ತಿದ್ದೆ.

“ಇದನ್ನ ದೇವರ ಜಗಲಿ ಮ್ಯಾಲ ಇಡು ಅಕ್ಕಾ. ಆ ಸಾರಾಯಿ ಅಂಗಡಿ ವಾಸನಿ ಇದಕ್ಕ ಯಾಕ?” ಅನ್ನುತ್ತಿದ್ದ.

“ನಿನಗಾದ್ರ ಅಡ್ಡಿಲ್ಲೇನು?”

“ನನಗ ರೂಢಿ ಆಗ್ಯದ.”

ಕುಡಿದು ಬಂದವನು ಗದ್ದಲ ಮಾಡದೆ ಮಲಗುತ್ತಿದ್ದ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕರಡಿಗೆ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಹದಿನೈದು ವರ್ಷ ಹೀಗೆ ನಡೆಯಿತು. ಓಣಿಯಲ್ಲಿ ಯಾರೂ ಅವನನ್ನು ಕುಡುಕ ಅನ್ನಲಿಲ್ಲ. ಅನ್ನದಂತೆ ನಾನೂ ನೋಡಿಕೊಂಡೆ.

ಎಂಬತ್ತನೇ ಇಸವಿಯ ನಂತರದ ಒಂದು ಬೇಸಿಗೆಯಲ್ಲಿ ಅವನಿಗೆ ರೊಟ್ಟಿ ಇಳಿಯದಾಯಿತು. ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ ಇದೆ, ಕೊಯ್ಯಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಆಗಷ್ಟೇ ಅವನ ಮಗಳನ್ನು ಮುಡಬಿಯ ಒಂದು ಮನೆಗೆ ಕೊಡುವುದೆಂದು ಮಾತಾಗಿತ್ತು. ಬೀಗರಾಗಲಿದ್ದ ಹಿರಿಯರು ಸುದ್ದಿ ಕೇಳಿ ಆಸ್ಪತ್ರೆಗೇ ಬಂದು ನಮ್ಮ ಜೊತೆ ಕುಳಿತರು.

ಅಲ್ಲಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಹೈದರಾಬಾದಿನಲ್ಲಿ ಓದಿದವರು. ಕೊಯ್ದಾಗ ಗಡ್ಡೆಯದೊಂದು ತುಣುಕು, ಪಕ್ಕದ ಕೆಡದ ಭಾಗದ್ದೊಂದು ತುಣುಕು ತೆಗೆದು ತಮ್ಮ ಗುರುಗಳಿಗೆ ಕಳಿಸುವುದಾಗಿ ಹೇಳಿದರು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಯಾಕೆ ಎಂದು ಕೇಳಿದೆ.

“ಕುಡದ ಸಾರಾಯಿ ಅರಗಸಾಕ ಮೈಯಾಗ ಒಂದು ರಸ ಇರ್ತದ ಅಕ್ಕಾರ. ಅದು ಕೆಟ್ಟ ಭಾಗದಾಗ ಎಷ್ಟು ಕೆಲಸ ಮಾಡ್ತದ, ಚಲೋ ಭಾಗದಾಗ ಎಷ್ಟು ಮಾಡ್ತದ, ಎರಡೂ ಹೋಲಿಸಿ ನೋಡಾಕತ್ತಾರ. ಅದಕ್ಕ ಖರೇ ಹೇಳ್ರಿ. ಇವರು ಕುಡಿತಾರೇನು?”

ನಾನು ಬಾಯಿ ತೆರೆಯುವ ಮೊದಲೇ ಬೀಗರು ನಕ್ಕರು. “ಎಂಥಾದ್ದು ಕೇಳ್ತೀರಿ ಡಾಕ್ಟರ್ ಸಾಬ. ಕೊರಳಾಗ ಲಿಂಗ ಕಾಣವಲ್ದೇನ್ರಿ?”

ಡಾಕ್ಟರು ನನ್ನ ಕಡೆ ನೋಡಿದರು. ತಮ್ಮನೂ ನೋಡಿದ.

“ಮುಟ್ಟಂಗಿಲ್ರಿ,” ಅಂದೆ. ಅವರು ಬರೆದುಕೊಂಡರು.

ಕೊಯ್ದ ದಿನ ಎರಡು ಸಣ್ಣ ಸೀಸೆಗಳನ್ನು ಅಗಲ ಬಾಯಿಯ ಥರ್ಮಾಸಿನಲ್ಲಿಟ್ಟು, ಬಸ್ ಸ್ಟ್ಯಾಂಡಿನ ಸೋಡಾ ಅಂಗಡಿಯಿಂದ ತಂದ ಬರ್ಫ ತುಂಬಿ, ಹೈದರಾಬಾದ್ ಬಸ್ಸಿಗೆ ಕಳಿಸಿದರು. ಒಳಗಿನ ತುಣುಕುಗಳು ಕಡಲೆಕಾಳಿನಷ್ಟಿದ್ದವು. ಯಾವುದು ಕೆಟ್ಟದ್ದು, ಯಾವುದು ಒಳ್ಳೆಯದು, ನನಗೆ ಗೊತ್ತಾಗಲಿಲ್ಲ.

ಎರಡನೆಯ ದಿನ ತಮ್ಮನ ಕೈಗಳು ನಡುಗತೊಡಗಿದವು. ಬೆವರು ಸುರಿಯಿತು. ಇಲ್ಲದ ತೊಗರಿ ತೂಗುತ್ತ “ಕಾಟಾ ಸರಿ ಹಿಡೀರಿ” ಎಂದು ಯಾರನ್ನೋ ಬೈಯುತ್ತಿದ್ದ. ಹೊಟ್ಟೆಯ ಹೊಲಿಗೆಗೆ ಕೈ ಹಾಕುತ್ತಿದ್ದ. ಡಾಕ್ಟರು ಜ್ವರ, ನಂಜು ಎಲ್ಲ ನೋಡಿ ನನ್ನನ್ನು ಹೊರಗೆ ಕರೆದರು.

“ಕುಡಿಯೋರು ಒಮ್ಮೆಲೆ ಬಿಟ್ರ ಹಿಂಗ ಆಗ್ತದ. ಅದಕ್ಕ ಔಷಧನೇ ಬ್ಯಾರೆ ಅದ. ಇನ್ನೊಮ್ಮೆ ಕೇಳ್ತೀನಿ ಅಕ್ಕಾರ.”

ಬೀಗರು ಮುಡಬಿಗೆ ಹೋಗಿದ್ದರು. ಅಲ್ಲಿ ನಾವಿಬ್ಬರೇ ಇದ್ದೆವು. ಆದರೂ ಮಾತು ನರ್ಸುಗಳಿಂದ ಓಣಿಗೆ, ಓಣಿಯಿಂದ ಮುಡಬಿಗೆ ಹೋಗುತ್ತದೆ ಎಂದುಕೊಂಡೆ. ಹುಡುಗಿಯ ಮದುವೆ ನಿಂತರೆ ಯಾರು ಹೊಣೆ?

“ಇಲ್ರಿ,” ಅಂದೆ.

ನಡುಕ ಮೂರು ದಿನ ಇತ್ತು. ಆಮೇಲೆ ತಾನಾಗಿಯೇ ಇಳಿಯಿತು. ತಮ್ಮನು ಮಗಳ ಮದುವೆ ನೋಡಿ, ಆರು ತಿಂಗಳಿಗೆ ತೀರಿಕೊಂಡ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಗಂಜಿ ಕುಡಿಯುತ್ತ ಒಮ್ಮೆ ಮಾತ್ರ, “ನನ್ನ ತುಂಡು ಹೈದರಾಬಾದಿನಾಗ ಏನ್ ಹೇಳಿತೋ ಏನೋ. ಅದು ನಿನ್ನಷ್ಟು ಶಾಣ್ಯಾ ಅಲ್ಲ ಅಕ್ಕಾ,” ಅಂದ. ನಾನು ಬಟ್ಟಲು ತೊಳೆಯಲು ಎದ್ದು ಹೋದೆ.

ವರ್ಷದ ಮೇಲೆ, ಇಟ್ಟುಕೊಂಡಿರಲು ಆಗದೆ, ಡಾಕ್ಟರ ಬಳಿ ಹೋಗಿ ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ರಿಜಿಸ್ಟರ್ ತೆಗೆದು, ಹಾಳೆ ಹುಡುಕಿ, ಒಂದು ಸಾಲು ಹೊಡೆದು ಹಾಕಿ ಮೇಲೆ ಬೇರೆ ಬರೆದರು.

“ಹೈದರಾಬಾದಿಗೂ ತಿಳಸ್ತೀನಿ. ಇವರದು ಕುಡಿಯದವರ ಸಾಲಿನಾಗ ಸೇರಿಬಿಟ್ಟದ. ಆದ್ರ ನೀವು ಅವತ್ತೇ ಹೇಳಿದ್ರೂ ಕ್ಯಾನ್ಸರ್ ಹೋಗ್ತಿದ್ದಿಲ್ಲ ಅಕ್ಕಾರ.”

“ಆ ಮೂರು ದಿನದ್ದು?”

ಅವರು ಪೆನ್ನಿಗೆ ಟೊಪ್ಪಿಗೆ ಹಾಕಿದರು. “ಅಷ್ಟು ತ್ರಾಸ ಆಗ್ತಿದ್ದಿಲ್ಲ,” ಅಂದರು.

ಆ ಮೂರು ದಿನ ಅವನ ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಮೆತ್ತನೆಯ ಬಟ್ಟೆ ಬೇಕು ಎಂದಾಗ ನನ್ನ ಹಳೆಯ ಸೀರೆ ಹರಿದು ಕೊಟ್ಟವಳು ನಾನೇ. “ಸಡಿಲ ಮಾಡು ಅಕ್ಕಾ,” ಅನ್ನುತ್ತಿದ್ದ. ಹೊಲಿಗೆ ಬಿಚ್ಚೀತೆಂದು ನಾನು ಮಾಡಲಿಲ್ಲ.