ವಾಸನೆಯಿಲ್ಲದ ದ್ರಾವಣ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಮೂಗಮ್ಮ ಎನ್ನುತ್ತಿದ್ದರು. ಬಾಯಿಂದ ಹೊಟ್ಟೆಗೆ ಇಳಿಸಿ ನೋಡುವ ಕೊಳವೆಗಳನ್ನು ಹತ್ತೊಂಬತ್ತು ವರ್ಷಗಳಿಂದ ತೊಳೆಯುತ್ತಿದ್ದವಳು ಅವಳೇ. ಕತ್ತರಿ, ಚಿಮಟಗಳ ಹಾಗೆ ಅವನ್ನು ಆವಿಯಲ್ಲಿ ಬೇಯಿಸುವಂತಿಲ್ಲ, ಹಾಳಾಗುತ್ತವೆ. ಬ್ರಷ್ ಹಾಕಿ ತೊಳೆದು ರಾಸಾಯನಿಕದಲ್ಲಿ ಮುಳುಗಿಸಿಡಬೇಕು. ಆ ದ್ರಾವಣಕ್ಕೆ ಕಸುವಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷೆಯ ಕಾಗದಕ್ಕಿಂತ ಮೊದಲು ಇವಳ ಮೂಗೇ ಹೇಳುತ್ತಿತ್ತು. ಆ ಮೂಗಿನಿಂದ ಅವಳಿಗೆ ಹೆಸರೂ ಬಂತು, ಬಿಟ್ಟೂಬಿಡದ ಕೆಮ್ಮೂ ಬಂತು.

ಕೆಮ್ಮು ಕೇಳಲಾರದೆ ಹಿರಿಯ ನರ್ಸ್ ಹೊಸ ದ್ರಾವಣದ ಎರಡು ಕ್ಯಾನ್ ತರಿಸಿದರು. "ಒಂದು ವಾರ ಬಳಸಿ ನೋಡು. ಹಳೇದೋ ಹೊಸದೋ, ನೀನೇ ಬರೆದು ಸಹಿ ಹಾಕು. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಆ ವಾರವೆಲ್ಲ ಅವಳು ನಿಂತಲ್ಲಿ ನಿಲ್ಲಲಿಲ್ಲ. ಮುಚ್ಚಳ ತೆಗೆದು ಮೂಸಿದರೆ ಬರೀ ನೀರಿನ ಹಾಗೆ. ಕಣ್ಣನ್ನೇ ಉರಿಸದ ಔಷಧಿ ಕ್ರಿಮಿಯನ್ನು ಎಲ್ಲಿಂದ ಕೊಂದೀತು? ಕಾಗದ ಅದ್ದಿದಳು, ಸರಿಯಿತ್ತು. ನಂಬದೆ ಇನ್ನೊಂದು ಅದ್ದಿದಳು. ಗಡಿಯಾರ ನೋಡಿದಳು, ಮತ್ತೆ ಮುಚ್ಚಳ ತೆಗೆದಳು. ಇದರ ನಡುವೆ ಶುಕ್ರವಾರ ಅವಳ ಅಕ್ಕನದೇ ಹೊಟ್ಟೆಯ ಪರೀಕ್ಷೆ. ಬೇರೆ ಆಸ್ಪತ್ರೆಗೆ ಹೋಗೆಂದು ಭಾವ ಹೇಳಿದ್ದಕ್ಕೆ ಅಕ್ಕ ಅಂದಿದ್ದಳಂತೆ: "ನನ್ನ ತಂಗಿ ತೊಳೆದ ಕೊಳವೆ ಆದ್ರೆ ಕಣ್ಣುಮುಚ್ಚಿ ನುಂಗ್ತೀನಿ."

ಗುರುವಾರ ಮಧ್ಯಾಹ್ನ ಕೊಳವೆಯೊಂದನ್ನು ದ್ರಾವಣದಿಂದ ತೆಗೆದಾಗ ತುದಿಯಲ್ಲಿ ಬೂದುಬಣ್ಣದ ಕಲೆ ಕಂಡಿತು. ಅಲ್ಲಿ ಎತ್ತಿ ಇಳಿಸುವ ಪುಟ್ಟ ರೆಪ್ಪೆಯೊಂದಿದೆ. ಕಲೆ ಅದರ ಅಂಚಿನಲ್ಲಿತ್ತು. ಮೂಗಮ್ಮನಿಗೆ ಸಂತೋಷವೇ ಆಯಿತು, ಸುಳ್ಳೇಕೆ! ಹೊಸದು ಕೊಳವೆಯನ್ನೇ ಕೆಡಿಸಿತಲ್ಲ, ಇನ್ನೇನು ಬೇಕು? ಫಾರಂ ಎಳೆದುಕೊಂಡು "ಹಳೆಯದೇ ಸಾಕು" ಎಂದು ಬರೆದಳು. ಕಾರಣವನ್ನೂ ಸರಿಯಾಗಿ ಬರೆಯೋಣವೆಂದು ಕ್ಯಾನಿನ ಜೊತೆ ಬಂದ ಚೀಟಿ ಬಿಡಿಸಿದಳು.

ಸರಿಯಾಗಿ ತೊಳೆಯದೆ ರಕ್ತವೋ ಲೋಳೆಯೋ ಉಳಿದಿದ್ದರೆ, ಆ ಜಾಗ ಬೂದುಬಣ್ಣಕ್ಕೆ ತಿರುಗುತ್ತದೆ ಎಂದು ಅದರಲ್ಲಿತ್ತು.

ಬ್ರಷ್ಷಿನ ತುದಿಯಿಂದ ರೆಪ್ಪೆ ಎತ್ತಿದಳು. ಹಿಂದೆ ಇನ್ನಷ್ಟು ಬೂದು. ಹತ್ತೊಂಬತ್ತು ವರ್ಷದಲ್ಲಿ ಅವಳು ರೆಪ್ಪೆಯ ಮೇಲೆ ಉಜ್ಜಿದ್ದಳೇ ಹೊರತು ಎತ್ತಿ ಉಜ್ಜಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಮೂಗಮ್ಮ ದ್ರಾವಣವೇ ಡೊಂಕು ಎಂದು ಬರೆದು ಕೂತಿದ್ದಳು.

ಸಹಿ ಒಂದು ಹಾಕಿದ್ದರೆ ಮುಗಿಯುತ್ತಿತ್ತು. ಹಳೆಯ ದ್ರಾವಣ ಕಲೆ ತೋರಿಸುತ್ತಿರಲಿಲ್ಲ, ಅವಳ ಹೆಸರಿಗೂ ಕಲೆ ಹತ್ತುತ್ತಿರಲಿಲ್ಲ. ಸಿಂಕಿನಿಂದ ಕಿಟಕಿಗೆ, ಕಿಟಕಿಯಿಂದ ಸಿಂಕಿಗೆ ಓಡಾಡಿದಳು. ಎಷ್ಟು ಬಾಯಿ, ಯಾರ್‍ಯಾರ ಬಾಯಿ! ನಾಳೆ ಅಕ್ಕನದು.

ಕೊನೆಗೆ ಬರೆದದ್ದನ್ನು ಹೊಡೆದುಹಾಕಿ, ಕೊಳವೆಯನ್ನು ಟ್ರೇಯಲ್ಲಿಟ್ಟುಕೊಂಡು ಹಿರಿಯ ನರ್ಸ್ ಕೋಣೆಗೆ ಹೋದಳು.

"ಹೊಸದೇ ಇರ್ಲಿ, ಮೇಡಂ. ಇದು ನನ್ನ ತಪ್ಪು ತೋರಿಸ್ತು."

ಅವರು ಕಲೆಯನ್ನು ನೋಡಿದರು, ಅವಳನ್ನು ನೋಡಿದರು. "ಎಷ್ಟು ದಿನದಿಂದ ಹೀಗೆ?"

"ಮೊದಲ ದಿನದಿಂದ."

ಅವರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿ, ಹಿಂದಿನ ರೋಗಿಗಳನ್ನು ಕರೆಸಿ ನೋಡಬೇಕೆಂದೂ, ಎಲ್ಲ ಕೊಳವೆ ಮತ್ತೆ ತೊಳೆದು ತಾವು ನೋಡುವವರೆಗೆ ನಾಳೆ ಒಬ್ಬರನ್ನೂ ಒಳಗೆ ಬಿಡಬಾರದೆಂದೂ ಹೇಳಿದರು.

ಮರುದಿನ ಎರಡು ಗಂಟೆ ತಡವಾಗಿ ಅಕ್ಕನ ಸರದಿ ಬಂತು. ಪಕ್ಕಕ್ಕೆ ಹೊರಳಿ ಮಲಗಿದ್ದ ಅಕ್ಕ ಕೇಳಿದಳು, "ಯಾಕೇ, ಮುಖ ಹೀಗಿದೆ? ನೀನೇ ತೊಳೆದಿದ್ದು ತಾನೆ?"

"ನಾನೇ. ಎರಡು ಸಲ."

"ನೀನು ತೊಳೆದ್ಮೇಲೆ ಇನ್ನೊಂದು ಸಲ ಯಾಕೆ?"

ಡಾಕ್ಟರು ಕೈಗವಸು ಹಾಕಿಕೊಳ್ಳುತ್ತಿದ್ದರು. ಒಂದು ಸುಳ್ಳಿಗೆ ಬೇಕಾದಷ್ಟು ಸಮಯವಿತ್ತು.

"ಮೊದಲು ಕೊಳೆ ಸರಿಯಾಗಿ ಹೋಗಿರ್ಲಿಲ್ಲ, ಅಕ್ಕ. ಇಷ್ಟು ವರ್ಷ ನನಗೆ ಗೊತ್ತೇ ಆಗ್ಲಿಲ್ಲ. ಬೇಡ ಅನ್ಸಿದ್ರೆ ಈಗ್ಲೇ ಎದ್ದುಬಿಡು."

ಅಕ್ಕ ತಂಗಿಯ ಮುಖವನ್ನೇ ನೋಡಿದಳು. ಆಮೇಲೆ ಬಾಯಿ ತೆರೆದಳು. ಕಣ್ಣು ಮಾತ್ರ ಮುಚ್ಚಲಿಲ್ಲ.